ಒಬ್ಬನ ಜೀವಕ್ಕೆ ಎರಡು ಹರಕೆ

ನಮ್ಮ ಮನೆಯಲ್ಲಿ ಅವರೆಕಾಳಿಗೂ ಹುರುಳಿಕಾಳಿಗೂ ಸಾರಾಗುವುದರ ಜೊತೆಗೆ ಇನ್ನೊಂದು ಕೆಲಸವಿತ್ತು. ಅವುಗಳಿಂದ ನಾವು ವೋಟು ಹಾಕುತ್ತಿದ್ದೆವು. ದೇಶಕ್ಕೆ ಚುನಾವಣೆ ಇನ್ನೂ ಹೊಸದಾಗಿದ್ದ ಕಾಲ ಅದು. ಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದ ಅಪ್ಪ, ಮನೆಯ ತಕರಾರುಗಳನ್ನೂ ಇನ್ನು ಮೇಲೆ ಹೀಗೆಯೇ ಬಗೆಹರಿಸಬೇಕೆಂದು ತೀರ್ಮಾನಿಸಿದ. ಆ ಒಂದು ತೀರ್ಮಾನವನ್ನು ಮಾತ್ರ ಅವನು ಯಾರನ್ನೂ ಕೇಳದೆ ಮಾಡಿದ. ಹೌದು ಎನ್ನುವವರದು ಅವರೆ, ಬೇಡ ಎನ್ನುವವರದು ಹುರುಳಿ. ದೊಡ್ಡವರಿಗೆಲ್ಲ ಎರಡೂ ಕಾಳು ಕೊಡುವುದು. ಬೇಕಾದ್ದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಹೋಗಿ ಹಿತ್ತಾಳೆ ಚೊಂಬಿನಲ್ಲಿ ಬಿಡುವುದು, ಉಳಿದದ್ದನ್ನು ಯಾರಿಗೂ ಕಾಣದಂತೆ ಒಲೆಗೆ ಎಸೆಯುವುದು. ಚೊಂಬನ್ನು ಮೊರದ ಮೇಲೆ ಬೋರಲು ಹಾಕಿ ಎಣಿಸುವವಳು ನಾನು. ನನಗೆ ವೋಟು ಇರಲಿಲ್ಲ, ಆದರೆ ಫಲಿತಾಂಶವನ್ನು ಮೊದಲು ಹೇಳುವ ಹಕ್ಕು ಇತ್ತು. ಆ ಹಕ್ಕಿನ ರುಚಿಯೇ ನನ್ನನ್ನು ಮುಂದೆ ಪತ್ರಿಕಾ ಕಚೇರಿಗೆ ಕರೆದೊಯ್ದಿತು ಅನಿಸುತ್ತದೆ. ಗೋಡೆಗೆ ಸುಣ್ಣವೋ ನೀಲಿಯೋ, ಆಡು ಸಾಕುವುದೋ ಬೇಡವೋ, ಭಾನುವಾರ ಸಿನಿಮಾವೋ ಬಂಗಾರಪೇಟೆ ಸಂತೆಯೋ, ಎಲ್ಲವೂ ಚೊಂಬಿನಿಂದ ಬಂದವು. ಅಜ್ಜಿ ಮಾತ್ರ ಪ್ರತಿ ಸಲವೂ ಗೊಣಗುತ್ತಿದ್ದಳು.

"ಶಾಫ್ಟ್ ತಾವ ಗಂಟೆ ಒಡೆಯೋವಾಗ್ಲೂ ಕೆಳಗಿರೋರ್ನ ವೋಟು ಕೇಳ್ತೀಯೇನ್ಲಾ, ನಾರಾಣ?"

"ಅದು ಕೆಲ್ಸ ಕಣವ್ವ. ಇದು ಮನೆ."

"ಮನೇನೂ ಕೆಲ್ಸಾನೇ ಕಣ್ಲಾ. ನೀನು ಮಾಡಿಲ್ಲ, ಅದ್ಕೇ ಗೊತ್ತಿಲ್ಲ."

ಅಪ್ಪನ ಕೆಲಸ ಗಣಿಯ ಬಾಯಲ್ಲಿ. ಆಳುಗಳನ್ನು ಶಾಫ್ಟಿನೊಳಗೆ ಇಳಿಸಿ ಏರಿಸುವ ಕೇಜಿನ ಬಾಗಿಲು ಹಾಕಿ, ಗಂಟೆ ಬಾರಿಸಿ, ಎಂಜಿನ್ ಮನೆಯವನಿಗೆ ಇಳಿಸು, ಏರಿಸು, ನಿಲ್ಲಿಸು ಎಂದು ತಿಳಿಸುವವನು ಅವನು. ಅಲ್ಲಿ ಮಾತಿಗೆ ಜಾಗವಿರಲಿಲ್ಲ. ದಿನವಿಡೀ ಅಪ್ಪಣೆಯ ಗಂಟೆ ಬಾರಿಸಿ ಬಂದವನಿಗೆ ಮನೆಯಲ್ಲಾದರೂ ಯಾರೂ ಯಾರಿಗೂ ಅಪ್ಪಣೆ ಕೊಡಬಾರದು ಅನಿಸಿರಬಹುದು. ಅವನಿಗೆ ಎರಡು ನಿಯಮಗಳಿದ್ದವು. ಈ ಮನೆಯಲ್ಲಿ ಯಾರ ಮೇಲೂ ಯಾರೂ ಜೋರು ಮಾಡುವಂತಿಲ್ಲ. ಈ ಮನೆಯಲ್ಲಿ ಏನೇ ಆದರೂ ಎಲ್ಲರೂ ಕೂಡಿ ತೀರ್ಮಾನಿಸಬೇಕು. ಇವೆರಡೂ ಒಂದೇ ನಿಯಮ ಎಂದು ಅವನು ನಂಬಿದ್ದ. ನಾನೂ ನಂಬಿದ್ದೆ. ಗಣಿಯವರಿಗೆ ಸಾಲಾಗಿ ಕಟ್ಟಿಕೊಟ್ಟ ಲೈನು ಮನೆಯ ಎರಡು ಕೋಣೆಗಳಲ್ಲಿ ಅದು ನಿಜವಾಗಿಯೇ ಕಾಣುತ್ತಿತ್ತು. ಒಂದು ಮೂಲೆಯಲ್ಲಿ ಅಜ್ಜಿಯ ಮುನೇಶ್ವರನ ಕಲ್ಲು, ಅದರ ಎದುರು ಗೋಡೆಗೆ ಚಿಕ್ಕಪ್ಪ ಸೀನ ಅಂಟಿಸಿದ್ದ ಯೂನಿಯನ್ ಸಭೆಯ ಕೆಂಪು ಕಾಗದ, ತಡಿಕೆಯ ಆಚೆ ಗೌರತ್ತೆಯ ತಗಡಿನ ಪೆಟ್ಟಿಗೆ, ಒಲೆಯ ಬಳಿ ಅಮ್ಮ. ಅಜ್ಜಿ ದೇವರಿಗೆ ಕೈ ಮುಗಿಯುವಾಗ ಬೆನ್ನು ಯೂನಿಯನ್ನಿಗೆ ಆಗುತ್ತಿತ್ತು; ಚಿಕ್ಕಪ್ಪ ಕಾಗದ ಓದುವಾಗ ಬೆನ್ನು ದೇವರಿಗೆ. ಯಾರೂ ಇದನ್ನು ದೊಡ್ಡದು ಮಾಡಿರಲಿಲ್ಲ.

ಗೌರತ್ತೆ ಅಪ್ಪನ ತಂಗಿ, ಚಿಕ್ಕಪ್ಪನ ಅಕ್ಕ. ಕ್ಯಾಸಂಬಳ್ಳಿ ಕಡೆಗೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ನಾನು ಹುಟ್ಟುವ ಮೊದಲೇ ತವರಿಗೆ ಬಂದವಳು. ಅಜ್ಜಿ ಅವಳನ್ನು ಬೆಳಗಿನಿಂದ ಸಂಜೆಯವರೆಗೆ ಬೈಯುತ್ತಿದ್ದಳು. ಮುದ್ದೆ ಗಂಟಾಯಿತು, ಬಟ್ಟೆ ಒಣಗಲಿಲ್ಲ, ನಡಿಗೆ ಜೋರಾಯಿತು, ನಗು ಜೋರಾಯಿತು. ಗೌರತ್ತೆ ಬಿಡುತ್ತಿರಲಿಲ್ಲ. "ನೀನು ಎತ್ತ ಮಗಳು ತಾನೆ, ಗಂಟಿದ್ರೆ ನಿಂದೇ" ಎಂದು ತಿರುಗಿ ಅನ್ನುತ್ತಿದ್ದಳು. ಆ ಬೈಗುಳವಿಲ್ಲದ ಮನೆಯನ್ನು ನಾನು ಊಹಿಸಿಕೊಂಡೇ ಇರಲಿಲ್ಲ.

ಚಿಕ್ಕಪ್ಪ ಗಣಿಯೊಳಗೆ ಮರದ ಆಸರೆ ಕೊಡುವ ಕೆಲಸದಲ್ಲಿದ್ದ. ಭೂಮಿಯ ಕೆಳಗೆ ಬಂಡೆ ಸಿಡಿದಾಗ ಮೇಲೆ ನಮ್ಮ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಅದು ಅಭ್ಯಾಸವಾಗಿತ್ತು, ಅಮ್ಮ ಒಂದು ಕೈಯಿಂದ ಮಡಕೆ ಹಿಡಿದು ಇನ್ನೊಂದರಿಂದ ಮುದ್ದೆ ತಿರುವುತ್ತಿದ್ದಳು. ಒಂದು ದಿನ ಬೆಳಿಗ್ಗೆ ಗಲಗಲ ನಿಲ್ಲಲಿಲ್ಲ. ಅಟ್ಟಣೆಯ ಮೇಲಿದ್ದದ್ದೆಲ್ಲ ಕೆಳಗೆ ಬಿತ್ತು. ಸ್ವಲ್ಪ ಹೊತ್ತಿನಲ್ಲಿ ಸೈರನ್ ಕೂಗಿತು. ಲೈನಿನ ಹೆಂಗಸರೆಲ್ಲ ಶಾಫ್ಟಿನ ಕಡೆ ಓಡಿದರು. ಚಿಕ್ಕಪ್ಪ ಇದ್ದ ಕಡೆಯೇ ಕುಸಿದಿದೆ ಎಂದು ಯಾರೋ ಹೇಳಿದರು. ಅಪ್ಪ ಕೇಜಿನ ಬಾಗಿಲಲ್ಲೇ ಇದ್ದ. ತಮ್ಮ ಕೆಳಗಿದ್ದಾನೆಂದು ಅವನು ಜಾಗ ಬಿಡುವಂತಿರಲಿಲ್ಲ. ಹುಡುಕಲು ಇಳಿಯುವವರನ್ನು ಗಂಟೆ ಬಾರಿಸಿ ಇಳಿಸುತ್ತಿದ್ದ, ಮೇಲೆ ಬಂದವರ ಮುಖ ನೋಡುತ್ತಿದ್ದ.

ಇಲ್ಲಿಂದ ಮುಂದಿನದನ್ನು ನಾನು ಕಂಡದ್ದು, ಕೇಳಿದ್ದು ಎಂದು ಬೇರೆ ಮಾಡಿ ಹೇಳಬೇಕು. ಕಂಡದ್ದು: ಅಜ್ಜಿ ಬೇಲಿಯ ಬಳಿ ನೆಲದ ಮೇಲೆ ಕೂತು, ಸೆರಗಿನ ತುದಿಗೆ ಗಂಟು ಹಾಕಿ, ಊರ ಮುನೇಶ್ವರನಿಗೆ ಗಟ್ಟಿಯಾಗಿ ಹರಕೆ ಹೊತ್ತದ್ದು. ಸೀನ ಜೀವದಿಂದ ಬಂದರೆ ಟಗರು ಕೊಡುತ್ತೇನೆ, ಮನೆಯವರೆಲ್ಲ ಕೂಡಿ ಮನೆಮುದ್ದೆ ಮುರಿಯುತ್ತೇವೆ. ಕೇಳಿದ್ದು: ಅದೇ ಹೊತ್ತಿಗೆ ಗೌರತ್ತೆ ನಲ್ಲಿಯ ಕಟ್ಟೆಯ ಹತ್ತಿರ ಒಬ್ಬಳೇ ನಿಂತು, ತಾನು ಎತ್ತಿ ಆಡಿಸಿದ ತಮ್ಮ ಉಳಿದರೆ ಸಾಯುವವರೆಗೆ ಬಾಡು, ಅಂದರೆ ಮಾಂಸ, ಮುಟ್ಟುವುದಿಲ್ಲ ಎಂದು ಅಂದುಕೊಂಡದ್ದು. ಪಕ್ಕದ ಮನೆಯ ಅಂತೋಣಿಯಮ್ಮ ತಮ್ಮ ಚರ್ಚಿನ ಮಾತೆಗೆ ಮೇಣದ ಬತ್ತಿ ಹಚ್ಚಿ ಬಂದಿದ್ದಳಂತೆ, ಅದೂ ಕೇಳಿದ್ದೇ. ಮಧ್ಯಾಹ್ನ ಚಿಕ್ಕಪ್ಪನನ್ನು ಮೇಲೆ ತಂದರು. ಮೈಯೆಲ್ಲ ಬೂದಿ ಬಣ್ಣ, ಒಂದು ಕೈ ಮುರಿದಿತ್ತು, ಕಣ್ಣು ತೆರೆದಿತ್ತು. ಆಸ್ಪತ್ರೆಯಲ್ಲಿ ಮಾತು ಬಂದ ಮೇಲೆ ಅವನು ಅಜ್ಜಿಯ ಹರಕೆ, ಅಂತೋಣಿಯಮ್ಮನ ಬತ್ತಿ, ಲೈನಿನವರ ಹರಕೆಗಳನ್ನೆಲ್ಲ ಕೇಳಿ ನಕ್ಕ.

"ಇಷ್ಟು ಜನ ದೇವ್ರು ಇಳಿದಿದ್ರೆ ಕೇಜಲ್ಲಿ ಜಾಗ ಎಲ್ಲಿತ್ತು? ನನ್ನ ತೆಗೆದೋರು ರೆಸ್ಕ್ಯೂ ಪಾರ್ಟಿಯೋರು. ಅವ್ರಿಗೊಂದು ಟೀ ಕುಡಿಸ್ರಿ ಮೊದ್ಲು."

"ಅವ್ರ ಕಣ್ಗೆ ನೀನು ಬೀಳಂಗೆ ಮಾಡ್ದೋನು ಯಾರ್ಲಾ?" ಎಂದಳು ಅಜ್ಜಿ.

ಮನೆಮುದ್ದೆಯ ಬಗ್ಗೆ ಹೇಳಬೇಕು. ಬೂದಿಕೋಟೆ ಕಡೆಯ ನಮ್ಮ ಊರಿನ ಕೆರೆ ಕಟ್ಟೆಯ ಕೆಳಗೆ ಮುನೇಶ್ವರನಿಗೆ ಟಗರು ಕೊಟ್ಟ ಮೇಲೆ, ಅಲ್ಲೇ ಬೇಯಿಸಿ, ಒಂದೇ ಒಂದು ದೊಡ್ಡ ರಾಗಿ ಮುದ್ದೆ ಕಟ್ಟುತ್ತಾರೆ. ಹಿರಿಯರಿಂದ ಕಿರಿಯರವರೆಗೆ ಮನೆಯವರು ಒಬ್ಬೊಬ್ಬರೇ ಅದರಿಂದ ಒಂದು ತುತ್ತು ಮುರಿದು, ಬಾಡಿನ ಸಾರಿನಲ್ಲಿ ಅದ್ದಿ ನುಂಗಬೇಕು. ನೆಂಟರಿಗೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಆಮೇಲೆ ಎಲೆ ಹಾಕುತ್ತಾರೆ. ಅವರು ತಿಂದರೂ ಸರಿ, ಬಿಟ್ಟರೂ ಸರಿ. ಆದರೆ ಮನೆಯವರಲ್ಲಿ ಒಬ್ಬರು ಬಿಟ್ಟರೂ ಹರಕೆ ಸಲ್ಲುವುದಿಲ್ಲ. ಅರ್ಧ ಸಲ್ಲುವುದೂ ಇಲ್ಲ. ಸಲ್ಲದ ಹರಕೆ ಕೊಟ್ಟ ಜೀವವನ್ನು ವಾಪಸು ಕೇಳುತ್ತದೆ ಎಂದು ಅಜ್ಜಿ ನಂಬಿದ್ದಳು. ಗೌರತ್ತೆಯೂ ತನ್ನ ಹರಕೆಯ ಬಗ್ಗೆ ಅದನ್ನೇ ನಂಬಿದ್ದಳು.

ಚಿಕ್ಕಪ್ಪ ಮನೆಗೆ ಬಂದ ಮೊದಲ ಭಾನುವಾರ ಇದು ಹೊರಗೆ ಬಿತ್ತು. ಅಮ್ಮ ಕೋಳಿ ಸಾರು ಮಾಡಿದ್ದಳು. ಗೌರತ್ತೆ ಎಲ್ಲರಿಗೂ ಬಡಿಸಿ ತಾನು ಮಜ್ಜಿಗೆಯಲ್ಲಿ ಮುದ್ದೆ ತಿಂದಳು. ಅಜ್ಜಿ ಕೇಳಿದಳು, ಗೌರತ್ತೆ ಹೇಳಿದಳು. ಹೇಳಿ ಮುಗಿಸುವ ಹೊತ್ತಿಗೆ ಇಬ್ಬರಿಗೂ ಮುಂದಿನದು ಅರ್ಥವಾಗಿತ್ತು.

"ಯಾವ ದೇವ್ರಿಗೆ ಹೊತ್ಕೊಂಡೆ?"

"ಕೇಳಿಸ್ಕೊಂಡ ದೇವ್ರಿಗೆ."

"ಎಸ್ರು ಗೊತ್ತಿಲ್ಲದ ದೇವ್ರಿಗೆ ಒಂದು ತುತ್ತಿಗೆ ಕಣ್ಣು ಮುಚ್ಕೊ ಅನ್ನು. ಒಂದೇ ತುತ್ತು ಕಣೇ."

"ನಿನ್ ಮುನೇಶ್ವರನ್ಗೇ ಯೇಳು, ಒಂದು ಬಾಯಿ ಕಮ್ಮಿ ಎಣಿಸ್ಕೊ ಅಂತ."

ಅಮ್ಮ ರಾಜಿ ಸೂಚಿಸಿದಳು: ಸಾರು ಬೇಡ, ಬರೀ ಮುದ್ದೆ ನುಂಗಲಿ. ಅಪ್ಪ ಇನ್ನೊಂದು ಸೂಚಿಸಿದ: ಅದ್ದಿ ತುಟಿಗೆ ಮುಟ್ಟಿಸಿ ಪಕ್ಕಕ್ಕೆ ಇಡಲಿ.

"ದೇವ್ರಿಗೆ ಸುಳ್ಳಾಟ ಕಟ್ಟಾಕಿಲ್ಲ ನಾನು" ಎಂದಳು ಗೌರತ್ತೆ.

"ಅದೊಂದು ಸರಿಯಾಗಿ ಯೇಳಿದ್ಲು ನೋಡು ನನ್ ಮಗಳು" ಎಂದಳು ಅಜ್ಜಿ, ಅಪ್ಪನನ್ನು ದುರುಗುಟ್ಟಿ ನೋಡುತ್ತ.

ನನ್ನ ತಲೆ ಕೆಟ್ಟಿತು. ಮನೆಯಲ್ಲಿ ಒಬ್ಬರನ್ನೊಬ್ಬರು ಪೂರ್ತಿ ಅರ್ಥ ಮಾಡಿಕೊಂಡಿದ್ದವರು ಜಗಳವಾಡುತ್ತಿದ್ದ ಆ ಇಬ್ಬರೇ. ಉಳಿದವರು ನಡುವಿನ ದಾರಿ ಹುಡುಕುತ್ತಿದ್ದರು, ಆ ದಾರಿ ಇಬ್ಬರಿಗೂ ಅವಮಾನವಾಗಿ ಕಾಣುತ್ತಿತ್ತು. ಶಾಲೆಯಲ್ಲಿ ಒಂದು ಲೆಕ್ಕಕ್ಕೆ ಒಂದು ಸರಿಯುತ್ತರ ಎಂದು ಕಲಿಸಿದ್ದರು. ಇಲ್ಲಿ ಅಜ್ಜಿಯೂ ಸುಳ್ಳು ಹೇಳುತ್ತಿರಲಿಲ್ಲ, ಅತ್ತೆಯೂ ಹೇಳುತ್ತಿರಲಿಲ್ಲ. ಅಜ್ಜಿಗೆ ಬೇಕಾದದ್ದು ಚಿಕ್ಕಪ್ಪನ ಜೀವ, ಅತ್ತೆಗೆ ಬೇಕಾದದ್ದೂ ಅದೇ. ಮುರಿದ ಕೈ ಕೂಡಿದ ಮೇಲೆ ಚಿಕ್ಕಪ್ಪ ಮತ್ತೆ ಕೆಲಸಕ್ಕೆ ಇಳಿಯತೊಡಗಿದ. ಅವನು ಚಪ್ಪಲಿ ಮೆಟ್ಟುವಾಗ ಯಾವ ಹರಕೆ ಮುರಿದರೆ ಅವನು ಬರುವುದಿಲ್ಲ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಒಂದನ್ನು ಉಳಿಸಿದರೆ ಇನ್ನೊಂದು ಮುರಿಯುತ್ತಿತ್ತು. ಎರಡನ್ನೂ ಮುಂದೂಡುತ್ತಿರುವಾಗ ಅವನು ದಿನವೂ ಇಳಿಯುತ್ತಲೇ ಇದ್ದ.

ಅಪ್ಪ ಕೊನೆಗೆ ಚೊಂಬು ತೆಗೆದ. ಗೌರಿ ಮನೆಮುದ್ದೆ ಮುರಿಯಬೇಕೋ ಬೇಡವೋ. ಚಿಕ್ಕಪ್ಪ, "ಇದು ನನ್ ಜೀವದ ವಿಚಾರ, ನಿಮಗ್ಯಾರಿಗೂ ವೋಟೇ ಇಲ್ಲ" ಎಂದ. ಆದರೂ ಕಾಳು ತೆಗೆದುಕೊಂಡ. ಗೌರತ್ತೆಯೂ ತೆಗೆದುಕೊಂಡಳು. ನಾನು ಮೊರದ ಮೇಲೆ ಚೊಂಬು ಬೋರಲು ಹಾಕಿದೆ. ಒಂದು ಹುರುಳಿ ಬಿಟ್ಟರೆ ಎಲ್ಲವೂ ಅವರೆ. ಗುಟ್ಟಿನ ಮತದಾನ ಎಂದು ಅಪ್ಪ ಹೆಮ್ಮೆಪಡುತ್ತಿದ್ದ. ಆ ಹುರುಳಿ ಯಾರದೆಂದು ಎಣಿಸುವ ಮೊದಲೇ ಎಲ್ಲರಿಗೂ ಗೊತ್ತಾಯಿತು. ನಾನು ಮೊರವನ್ನು ಅತ್ತೆಯ ಕಡೆ ಸರಿಸಿದೆ. ಗೌರತ್ತೆಯೇ ಮೊರ ನೋಡಿದಳು.

"ಗೆದ್ರಿ ಬಿಡಿ. ಈಗ ನನ್ ಬಾಯಿ ಯಾರು ತೆಗೀತೀರಿ?"

ಅಪ್ಪ ಮೊರವನ್ನೇ ನೋಡುತ್ತ ಕೂತ. ಯಾರೂ ಜೋರು ಮಾಡಬಾರದು, ಎಲ್ಲರೂ ಕೂಡಿ ತೀರ್ಮಾನಿಸಬೇಕು. ಅವನ ಎರಡು ನಿಯಮಗಳು ಅಂದು ಮೊದಲ ಸಲ ಒಂದರ ಎದುರು ಒಂದು ನಿಂತಿದ್ದವು.

"ಅಣ್ಣ, ಇದಕ್ಕೆ ವೋಟು ಹಾಕಿಸ್ಲೇಬಾರದಾಗಿತ್ತು" ಎಂದ ಚಿಕ್ಕಪ್ಪ. "ನಾನೂ ಅವರೆ ಹಾಕ್ದೆ. ಜಗಳ ಮುಗೀಲಿ ಅಂತ. ತಪ್ಪಾಯ್ತು."

"ನಿಮ್ ಯೂನಿಯನ್ನಲ್ಲಿ ಜಾಸ್ತಿ ಜನ ಕೈ ಎತ್ತಿದ್ರೆ ಮಿಕ್ಕೋರೂ ಕೆಲ್ಸಕ್ಕೆ ಇಳಿಯಂಗಿಲ್ಲ. ಅಲ್ಲಿ ಸರಿ, ಇಲ್ಲಿ ತಪ್ಪಾ?" ಎಂದ ಅಪ್ಪ.

"ಅದು ಕೂಲಿ ವಿಚಾರ. ಇದು ಮನುಷ್ಯನ ಒಳಗಿಂದು."

"ಒಳಗಿಂದು ಎಲ್ಲಿಂದ ಸುರುವಾಗತ್ತೆ, ಯೇಳು. ಸ್ಟ್ರೈಕಲ್ಲಿ ಮಗೂಗೆ ಹಾಲಿಲ್ಲ ಅಂತ ಒಬ್ಬ ಅಳ್ತಾನೆ ನೋಡು, ಅವಂದು ಒಳಗಿಂದಲ್ವಾ? ಗೆರೆ ಎಲ್ಲೈತೆ, ತೋರ್ಸು."

ಮುಂದೆ ಸಂಪಾದಕೀಯ ಮೇಜಿನಲ್ಲಿ ಕೂತು ಬಹುಮತ, ಸ್ವಾತಂತ್ರ್ಯ, ಸಮುದಾಯ ಎಂಬ ಪದಗಳಿದ್ದ ಲೇಖನಗಳನ್ನು ನಾನು ವರ್ಷಗಟ್ಟಲೆ ತಿದ್ದಿದ್ದೇನೆ. ಒಳ್ಳೆಯದು ಒಂದೇ ಅಲ್ಲ, ಹಲವು ಇವೆ, ಅವು ಒಂದಕ್ಕೊಂದು ಹೊಂದಿಕೊಳ್ಳಲೇಬೇಕೆಂದಿಲ್ಲ, ಅವನ್ನು ತೂಗಲು ಒಂದೇ ತಕ್ಕಡಿ ಇಲ್ಲ ಎಂದು ಬರೆದವರನ್ನು ಓದಿದಾಗ ಇದು ನನಗೆ ಗೊತ್ತು ಅನಿಸಿತು. ಆದರೆ ಅಂಥ ಕಡೆ ಏನು ಮಾಡಬೇಕು ಎಂಬಲ್ಲಿಗೆ ಬಂದಾಗ ಅವರೂ ಅಪ್ಪನ ಹಾಗೆ ಮೊರ ನೋಡುತ್ತ ಕೂತಂತೆ ಕಂಡಿತು. ಕೆಲವರು ಒಂದು ದಾರಿ ಹೇಳುತ್ತಾರೆ: ಒಪ್ಪದವರಿಗೆ ಹೊರಗೆ ಹೋಗಲು ಬಾಗಿಲು ತೆರೆದಿರಲಿ. ಆ ಬಾಗಿಲನ್ನು ನಮಗೆ ತೋರಿಸಿದವನು ನಮ್ಮ ಊರಿನ ಮುನೇಶ್ವರನ ಪೂಜಾರಪ್ಪ.

ಅಜ್ಜಿ ಅವನನ್ನು ಕೇಳಲು ಊರಿಗೆ ಹೋದಾಗ ನಾನೂ ಹೋಗಿದ್ದೆ. ಅವನು ಹುಣಸೆಮರದ ಕೆಳಗೆ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಅವನಿಗೆ ಇದರಲ್ಲಿ ತೊಡಕೇ ಕಾಣಲಿಲ್ಲ.

"ಕೊಟ್ಟ ಎಣ್ಣು ಆ ಮನೇದಲ್ವಾ, ಅಜ್ಜೀ? ಗಂಡ ಸತ್ರೂ ಆ ಮನೇದೇ. ಅವಳಿಗೆ ಮುದ್ದೆ ಯಾಕೆ? ಎಲೆ ಹಾಕ್ರಿ. ಬಾಡು ಬ್ಯಾಡಾಂದ್ರೆ ಪೊಂಗಲ್ ಬಡಿಸ್ರಿ. ಎರಡು ಅರಕೇನೂ ಸಲ್ತು."

ಅಜ್ಜಿ ಎದ್ದುಬಿಟ್ಟಳು. ಯಾಕೆಂದು ಅಮ್ಮ ಆಮೇಲೆ ಹೇಳಿದಳು. ಗೌರತ್ತೆ ವಿಧವೆಯಾಗಿ ಬಂದ ವರ್ಷ ಊರ ಹಿರಿಯರು ಇದೇ ಮಾತು ಹೇಳಿದ್ದರಂತೆ: ಇವಳು ಈ ಮನೆಯವಳಲ್ಲ, ಎಲೆಯಲ್ಲಿ ಕೂರಲಿ. ಅಜ್ಜಿ ಎಲ್ಲರೆದುರು ಮಗಳ ಕೈ ಹಿಡಿದೆಳೆದು ಮುದ್ದೆಯ ಮುಂದೆ ಕೂರಿಸಿ, ಅವಳ ಕೈಯಿಂದಲೇ ಮೊದಲು ಮುರಿಸಿದ್ದಳಂತೆ. ಅಷ್ಟು ಜಗಳವಾಡಿ ಗಳಿಸಿದ ಜಾಗವನ್ನು ಈಗ ತಾನೇ ವಾಪಸು ಕೊಡಬೇಕಿತ್ತು.

ಮನೆಗೆ ಬಂದು ಅಜ್ಜಿ ಯಾರಿಗೂ ಏನೂ ಹೇಳಲಿಲ್ಲ. ಹೇಳಿದವಳು ನಾನು, ಸುದ್ದಿ ಹೊಟ್ಟೆಯಲ್ಲಿ ನಿಲ್ಲುವ ವಯಸ್ಸಲ್ಲ. ಅಪ್ಪನ ಮುಖ ಅರಳಿತು. ಯಾರ ಮೇಲೂ ಜೋರಿಲ್ಲ, ಯಾರ ಹರಕೆಯೂ ಮುರಿಯುವುದಿಲ್ಲ, ಇದಕ್ಕಿಂತ ಇನ್ನೇನು ಬೇಕು ಎಂದ. ಗೌರತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಅಂಗೇ ಮಾಡು ಅವ್ವ" ಎಂದಳು. "ಎಲೇನೇ ಹಾಕು."

"ಏನಂತ ಯೇಳ್ತಿದೀಯ ಗೊತ್ತೇನೇ ನಿಂಗೆ?"

"ಗೊತ್ತು. ಸೀನ ದಿನಾ ಇಳೀತಾವ್ನೆ. ಬ್ಯಾಗ ಮುಗ್ಸು."

ಬಂಗಾರಪೇಟೆವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ, ಉಳಿದದ್ದು ನಡೆದು, ಒಂದು ಬೆಳಿಗ್ಗೆ ನಾವೆಲ್ಲ ಕೆರೆ ಕಟ್ಟೆಯ ಕೆಳಗೆ ಸೇರಿದೆವು. ಅಂತೋಣಿಯಮ್ಮನೂ ಬಂದಿದ್ದಳು. "ಎನಕ್ಕೂ ಎಲೆ ಪೋಡು ಗೌರಿ, ನಾನೂ ನಿನ್ ಪಕ್ಕಾನೇ ಕೂರ್ತೀನಿ" ಎಂದು, ತನಗೂ ಎಲೆ ಹಾಕೆಂದು ತಮಿಳು ಬೆರೆಸಿ ನಗಿಸಿದಳು. ಟಗರು ಆಯಿತು, ಸಾರು ಕುದಿಯಿತು, ಮುದ್ದೆ ಕಟ್ಟಿದರು. ಅಜ್ಜಿ ಮುರಿದಳು, ಅಪ್ಪ ಮುರಿದ, ಅಮ್ಮ ಮುರಿದಳು. ಚಿಕ್ಕಪ್ಪ, "ರೆಸ್ಕ್ಯೂ ಪಾರ್ಟಿ ಹೆಸರಲ್ಲಿ" ಎಂದು ತುತ್ತು ನುಂಗಿದ. ನಾನೂ ನುಂಗಿದೆ. ಪೂಜಾರಪ್ಪ ರೂಢಿಯಂತೆ ಕೇಳಿದ.

"ಮನೆಯೋರೆಲ್ಲ ಆಯ್ತಾ? ಯಾರೂ ಬಿಟ್ಟಿಲ್ಲ?"

ಅಜ್ಜಿ ಗೌರತ್ತೆಯ ಕಡೆ ತಿರುಗಲಿಲ್ಲ.

"ಆಯ್ತು. ಯಾರೂ ಬಿಟ್ಟಿಲ್ಲ."

ಆಮೇಲೆ ಎಲೆ ಹಾಕಿದರು. ಗೌರತ್ತೆ ಅಂತೋಣಿಯಮ್ಮನ ಪಕ್ಕದಲ್ಲಿ ಕೂತು ಪೊಂಗಲ್ ತಿಂದಳು. ಚಿಕ್ಕಪ್ಪ ನಿವೃತ್ತನಾಗುವವರೆಗೆ ಗಣಿಗೆ ಇಳಿದು ಹತ್ತಿದ. ತನ್ನ ಹರಕೆಯಿಂದ ಎಂದು ಅಜ್ಜಿ, ತನ್ನದರಿಂದ ಎಂದು ಗೌರತ್ತೆ ಕೊನೆಯವರೆಗೂ ನಂಬಿದರು. ವರದಿಯ ದೃಷ್ಟಿಯಿಂದ ನೋಡಿದರೆ ಪ್ರಕರಣ ಸುಖಾಂತ್ಯ. ಯಾರ ನಂಬಿಕೆಗೂ ಧಕ್ಕೆಯಾಗಿರಲಿಲ್ಲ. ಅಪ್ಪ ಹಾಗೆಯೇ ಹೇಳಿಕೊಂಡು ಓಡಾಡಿದ. ಚೊಂಬನ್ನು ಮಾತ್ರ ಅವನು ಮತ್ತೆ ಮತಕ್ಕೆ ತೆಗೆಯಲಿಲ್ಲ. ಯಾವುದಕ್ಕೆ ತೆಗೆಯಬಹುದು, ಯಾವುದಕ್ಕೆ ಕೂಡದು ಎಂಬುದು ಅವನಿಗೆ ತಿಳಿಯದೆ ಹೋಗಿತ್ತು.

ಬದಲಾದದ್ದು ಗೊತ್ತಾಗಲು ನನಗೆ ಕೆಲವು ದಿನ ಬೇಕಾಯಿತು. ಮನೆ ಸದ್ದಿಲ್ಲದೆ ಇತ್ತು. ಅಜ್ಜಿ ಗೌರತ್ತೆಗೆ ಮೊದಲು ಬಡಿಸುತ್ತಿದ್ದಳು. ಕೂರಲು ಚಾಪೆ ಹಾಸುತ್ತಿದ್ದಳು. ನೀರಿಗೆ ಹೊರಟರೆ ಬಿಂದಿಗೆ ಕಿತ್ತುಕೊಂಡು, ನೀನು ಕೂತ್ಕೊಳ್ಳಮ್ಮ ಎನ್ನುತ್ತಿದ್ದಳು. ಮುದ್ದೆ ಗಂಟಾದರೂ ಮಾತಿಲ್ಲ, ನಗು ಜೋರಾದರೂ ಮಾತಿಲ್ಲ. ಇದು ಮುನಿಸಾಗಿರಲಿಲ್ಲ. ದೇವರ ಮುಂದೆ ಮಗಳನ್ನು ಬೇರೆ ಮನೆಯವಳೆಂದು ಹೇಳಿ ಬಂದ ಮೇಲೆ ಮನೆಯಲ್ಲಿ ಅವಳನ್ನು ಮನೆಯವಳಂತೆ ನಡೆಸಿಕೊಂಡರೆ ಅದು ದೇವರಿಗೆ ಕಟ್ಟಿದ ಆಟವಾಗುತ್ತಿತ್ತು. ಅಜ್ಜಿ ಆಟ ಕಟ್ಟುವವಳಲ್ಲ. ಗೌರತ್ತೆಗೂ ಅದು ಗೊತ್ತಿತ್ತು, ಹಾಗಾಗಿ ಅವಳು ಏನೂ ಕೇಳಲಿಲ್ಲ. ನಾನು ಅಪ್ಪನನ್ನು ಕೇಳಿದೆ, ಅಜ್ಜಿ ಅತ್ತೆಯನ್ನು ಯಾಕೆ ಬೈಯುವುದಿಲ್ಲ ಎಂದು. ಮರ್ಯಾದೆ ಕೊಡುತ್ತಿದ್ದಾಳೆ, ಒಳ್ಳೆಯದೇ ಅಲ್ಲವೇ ಎಂದ ಅಪ್ಪ.

ಒಂದು ಬೆಳಿಗ್ಗೆ ಅಮ್ಮ ನಲ್ಲಿಗೆ ಹೋಗಿದ್ದಳು. ನಾನು ಹೊಸ್ತಿಲ ಬಳಿ ಓದುತ್ತ ಕೂತಿದ್ದೆ. ಗೌರತ್ತೆ ಒಲೆಯ ಮೇಲೆ ಹಾಲಿಟ್ಟು ಎದುರಿಗೇ ಕೂತಿದ್ದಳು. ಹಾಲು ಏರಿತು. ಅವಳು ನೋಡುತ್ತಿದ್ದಳು. ಹಾಲು ಅಂಚಿಗೆ ಬಂತು. ಸೌಟು ಅವಳ ಕೈಯಲ್ಲೇ ಇತ್ತು.

"ಅತ್ತೆ, ಹಾಲು!" ಎಂದೆ.

ಅವಳು ಅಲುಗಲಿಲ್ಲ. ಹಾಲು ಉಕ್ಕಿ ಒಲೆಯ ತುಂಬ ಹರಿಯಿತು, ಬೆಂಕಿ ಚುಯ್ ಎಂದು ಆರಿತು, ಸೀದ ವಾಸನೆ ಕೋಣೆಯನ್ನೆಲ್ಲ ತುಂಬಿತು. ಅಜ್ಜಿ ದೇವರ ಮೂಲೆಯಿಂದ ಧಡಧಡ ಎದ್ದು ಬಂದಳು. ಒಲೆ ನೋಡಿದಳು, ಪಾತ್ರೆ ನೋಡಿದಳು, ಮಗಳನ್ನು ನೋಡಿದಳು. ಅವಳ ಬಾಯಿ ತೆರೆದದ್ದನ್ನು ನಾನು ನೋಡಿದೆ. ಗೌರತ್ತೆ ಮುಖ ಮೇಲೆತ್ತಿ ಕಾಯುತ್ತಿದ್ದಳು. ಅಜ್ಜಿ ಬಾಯಿ ಮುಚ್ಚಿ, ಬಟ್ಟೆ ತೆಗೆದುಕೊಂಡು, ಕೂತು ಒಲೆ ಒರೆಸತೊಡಗಿದಳು.

"ಓಗ್ಲಿ ಬಿಡಮ್ಮ. ಕೈ ಸುಡ್ತೇನು?"

"ಬೈಯವ್ವ" ಎಂದಳು ಗೌರತ್ತೆ.

ಅಜ್ಜಿ ಒರೆಸುತ್ತಲೇ ಇದ್ದಳು. ತಲೆ ಎತ್ತಲಿಲ್ಲ.

"ಬ್ಯಾರೆ ಮನೆ ಎಣ್ಣುಮಗಳ್ನ ಎಂಗಮ್ಮ ಬೈಲಿ?"